ಐವತ್ತನೆಯ ದಾಳಿಕೋರ

ಸಿಡ್ನಿಯಿಂದ ಮೆಲ್ಬರ್ನ್‌ಗೆ ರಸ್ತೆಯ ಮೇಲೆ ಸುಮಾರು ಎಂಟುನೂರ ಎಂಬತ್ತು ಕಿಲೋಮೀಟರ್ ದೂರವಿದ್ದು, ಆತ್ಮರಕ್ಷಣೆಯ ಅರಿವಿಲ್ಲದ ಜನ ಅದನ್ನು ಒಂದೇ ದಿನದಲ್ಲಿ ಕ್ರಮಿಸುತ್ತಾರೆ. ನಾವು ಹದಿಮೂರು ದಿನ ತೆಗೆದುಕೊಂಡೆವು. ಈ ಅವಧಿಯಲ್ಲಿ ನಾವು ಉಂಡು ಮಲಗಿ ಸಾಗುತ್ತಿದ್ದ ಮೋಟರ್‌ಹೋಮ್ ಮೇಲೆ ಐವತ್ತು ದಾಳಿಗಳು ನಡೆದವು. ಐವತ್ತನ್ನೂ ನಿಯಮಾನುಸಾರ ಎದುರಿಸಲಾಯಿತು.

ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಕನ್ನಡ ಸಹಪ್ರಯಾಣಿಕರ ಸಂಘದಲ್ಲಿ ಆತ್ಮರಕ್ಷಣಾ ಉಪಸಮಿತಿ ಹುಟ್ಟಿದ್ದು ಕಳೆದ ಜೂನ್ ತಿಂಗಳಲ್ಲಿ. ಸಂಚಾಲಕರು ಗೋಪೀನಾಥ್. ಬೆಂಗಳೂರಿನವರು, ಇಲ್ಲಿ ಒಂದು ಕಂಪನಿಯಲ್ಲಿ ರಿಸ್ಕ್ ಮ್ಯಾನೇಜರ್. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವರು ಮೊದಲೇ ಕಂಡುಹಿಡಿದ ಯಾವ ಅಪಾಯವೂ ಸಂಭವಿಸಿಲ್ಲ. ಇದನ್ನು ಅವರು ತಮ್ಮ ಸಾಧನೆ ಎಂದು ಹೇಳಿಕೊಳ್ಳುತ್ತಾರೆ, ಕಂಪನಿಯೂ ಹಾಗೇ ತಿಳಿದುಕೊಂಡಿದೆ. ಕಾರ್ಯದರ್ಶಿ ನಾನು. ಮಿನಿಟ್ಸ್ ಬರೆಯಲು ಯಾರಾದರೂ ಬೇಕಲ್ಲ, ಹೆಂಗಸರಾದರೆ ಅಕ್ಷರ ಚೆನ್ನಾಗಿರುತ್ತದೆ ಎಂದು ನನ್ನನ್ನು ಅವಿರೋಧವಾಗಿ ಆರಿಸಿದರು. ಮಿನಿಟ್ಸ್ ಟೈಪ್ ಮಾಡುವುದು ಲ್ಯಾಪ್‌ಟಾಪಿನಲ್ಲಿ.

ವಲಸೆ ಬಂದ ಕುಟುಂಬಗಳು ಮೋಟರ್‌ಹೋಮ್‌ಗಳಲ್ಲಿ ನಿರ್ಭಯವಾಗಿ ಓಡಾಡಲಿ ಎಂಬ ಸದುದ್ದೇಶದಿಂದ ಸುರಕ್ಷಿತ ಪ್ರಯಾಣ ನಿಧಿ ಎಂಬುದೊಂದು ಅರ್ಜಿ ಕರೆದಿತ್ತು. ಆನ್‌ಲೈನ್ ಅರ್ಜಿಯಲ್ಲಿ ‘ಪ್ರಯಾಣ ಕಾಲದಲ್ಲಿ ಎದುರಿಸಲಿರುವ ದಾಳಿಗಳ ಸಂಖ್ಯೆ’ ಎಂದು ಒಂದು ಚೌಕ. ಗೋಪೀನಾಥ್ ಮೊದಲು ಸೊನ್ನೆ ಹಾಕಿದರು. ಮುಂದಿನ ಪುಟ ತೆರೆಯಲಿಲ್ಲ. ಒಂದು ಹಾಕಿದರು. ‘ಯೋಜನೆ ತೀರಾ ಚಿಕ್ಕದು’ ಎಂದು ಕೆಂಪಕ್ಷರ ಬಂತು. ಐವತ್ತು ಹಾಕಿದರು. ಹಸಿರು ಟಿಕ್ ಬಂತು, ಹಿಂದೆಯೇ ಏಳು ಮೀಟರ್ ಉದ್ದದ ಮೋಟರ್‌ಹೋಮ್ ಬಂದು ಅವರ ಮನೆಯ ಡ್ರೈವ್‌ವೇಯಲ್ಲಿ ನಿಂತಿತು.

“ಅಕಸ್ಮಾತ್ ಐವತ್ತು ಆಗ್ಲಿಲ್ಲ ಅಂದ್ರೆ?” ಎಂದು ನಾನು ಸಭೆಯಲ್ಲಿ ಕೇಳಿದೆ.

“ಗಾಡಿ ವಾಪಸ್. ಮುಂದಿನ ವರ್ಷದ ಗ್ರಾಂಟೂ ಇಲ್ಲ. ಮೇಡಂ, ನೀವು ಸ್ವಲ್ಪ ಪಾಸಿಟಿವ್ ಆಗಿ ಯೋಚ್ನೆ ಮಾಡ್ಬೇಕು. ಇಷ್ಟು ದೊಡ್ಡ ದೇಶ. ಯಾರಾದ್ರೂ ದಾಳಿ ಮಾಡೇ ಮಾಡ್ತಾರೆ.”

ಮುಂದಿನದು ಆಯುಧದ ಪ್ರಶ್ನೆ. ಆತ್ಮರಕ್ಷಣೆಗೆ ಎಂದು ಆಯುಧ ಇಟ್ಟುಕೊಂಡರೆ ಇಲ್ಲಿ ಅದೇ ಅಪರಾಧ. ಪೆಪ್ಪರ್ ಸ್ಪ್ರೇ ಕೂಡ ನಿಷಿದ್ಧ. ಆದರೆ ಅಡುಗೆಗೆ ಎಂದು ಖಾರಪುಡಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಹೀಗಾಗಿ ಸಿಡ್ನಿಯಲ್ಲೇ ಇರುವ ಗಿರಾವೀನ್ ಬಡಾವಣೆಯ ಅಂಗಡಿಯಿಂದ ಎರಡು ಕಿಲೋ ಬ್ಯಾಡಗಿ ಖಾರ ತರಿಸಲಾಯಿತು. ತೊಂದರೆ ಏನೆಂದರೆ, ಎರಡು ಕಿಲೋ ಖಾರ ತೊಡೆಯ ಮೇಲಿಟ್ಟುಕೊಂಡು ‘ಇದು ಅಡುಗೆಗೆ’ ಎಂದರೆ ಪೊಲೀಸರು ನಂಬುವಂಥ ಮುಖ ಉಪಸಮಿತಿಯಲ್ಲಿ ಯಾರಿಗೂ ಇರಲಿಲ್ಲ. ಗೋಪೀನಾಥ್ ಒಲೆಯ ಹತ್ತಿರ ನಿಂತದ್ದನ್ನು ಅವರ ಹೆಂಡತಿಯೇ ನೋಡಿಲ್ಲ.

ಆಗ ರತ್ನವ್ವ ಸಿಕ್ಕಿದರು.

ರತ್ನವ್ವ ಧಾರವಾಡದವರು, ವಯಸ್ಸು ಅರವತ್ತಾರು. ಗಿರಾವೀನ್‌ನಲ್ಲಿರುವ ಮಗ ಕಿರಣಕುಮಾರನ ಮನೆಗೆ ಬಂದಿಳಿದಿದ್ದರೂ ಅವರ ಮನಸ್ಸೆಲ್ಲ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿತ್ತು. ಅಲ್ಲಿ ಮಗಳು ಮಾಧುರಿಗೆ ಚೊಚ್ಚಲ ಬಸಿರು, ಡ್ಯೂ ಡೇಟಿಗೆ ಹದಿನೈದು ದಿನ. ಬಾಣಂತನಕ್ಕೆಂದು ಕೂಡಿಸಿದ ಅಂಟು, ಉತ್ತತ್ತಿ, ಒಣಕೊಬ್ಬರಿ, ರೊಟ್ಟಿ ಹಂಚು, ಕೂಸಿನ ಕುಂಚಿಗೆ ಎಲ್ಲ ಸೇರಿ ಅವರ ಲಗೇಜು ವಿಮಾನದವರು ಮುಖ ಸಿಂಡರಿಸುವಷ್ಟಾಗಿತ್ತು. ಮಗನಿಗೆ ರಜೆ ಇರಲಿಲ್ಲ. “ಪುಕ್ಕಟ ಗಾಡಿ ಹೊಂಟೈತಬೇ. ಎರಡ ದಿನದಾಗ ಮುಟ್ಟಸ್ತಾರ, ಊರೂ ನೋಡಿದಂಗಾಕ್ಕೈತಿ” ಎಂದು ಅವನು ತಾಯಿಯನ್ನು ಉಪಸಮಿತಿಗೆ ಒಪ್ಪಿಸಿದ.

ರತ್ನವ್ವ ಬಂದವರೇ ಗೋಪೀನಾಥ್‌ಗೆ ಒಂದೇ ಷರತ್ತು ಹಾಕಿದರು. “ನೋಡಪಾ ತಮ್ಮಾ, ನನ್ನ ಮಗಳಿಗೆ ಬ್ಯಾನಿ ಶುರು ಆಗೂದ್ರಾಗ ನಾ ಅಕಿ ಮುಂದ ಇರಬೇಕು. ಅಷ್ಟ. ಉಳಿದದ್ದು ಏನ ಮಾಡಂತೀಯೋ ಮಾಡ್ತೀನಿ.”

“ಖಂಡಿತ ಆಂಟಿ. ಎರಡು ದಿನ,” ಎಂದರು ಗೋಪೀನಾಥ್. ಅವರನ್ನು ಅಲ್ಲೇ ಖಾರದ ಅಧಿಕಾರಿಯಾಗಿ ನೇಮಿಸಿ ಕೊರಳಿಗೆ ಬ್ಯಾಡ್ಜ್ ಹಾಕಲಾಯಿತು. ಹೊರಡುವ ಮುನ್ನ ಗೋಪೀನಾಥ್ ನಿಯಮಾವಳಿಯನ್ನು ಗಟ್ಟಿಯಾಗಿ ಓದಿದರು. ಪೂರ್ಣಪಾಠ ನಲವತ್ತು ಪುಟವಿದೆ. ಮುಖ್ಯವಾದವನ್ನು ಮಾತ್ರ ಕೊಡುತ್ತೇನೆ.

‘ನಿಯಮ 1. ಆಹ್ವಾನವಿಲ್ಲದೆ ವಾಹನದ ಬಾಗಿಲು ತಟ್ಟುವ ಪ್ರತಿಯೊಬ್ಬರನ್ನೂ ದಾಳಿಕೋರರೆಂದು ಪರಿಗಣಿಸತಕ್ಕದ್ದು. ಒಬ್ಬರಿಗೆ ಒಂದೇ ದಾಳಿ.

ನಿಯಮ 4. ಐವತ್ತು ದಾಳಿಗಳು ಪೂರ್ತಿಯಾಗದೆ ವಾಹನವು ಗಮ್ಯಸ್ಥಾನ ತಲುಪತಕ್ಕದ್ದಲ್ಲ. ಅದಕ್ಕೂ ಮುನ್ನ ವಾಹನ ಬಿಟ್ಟು ತೆರಳುವ ಪ್ರಯಾಣಿಕರನ್ನು ಅಪಹೃತರೆಂದು ಘೋಷಿಸತಕ್ಕದ್ದು.

ನಿಯಮ 7. ಖಾರಪುಡಿಯನ್ನು ಎರಚುವ ಮುನ್ನ ಅದು ಆಹಾರಪದಾರ್ಥವೇ ಎಂಬುದನ್ನು ದಾಳಿಕೋರರಿಗೆ ಮನವರಿಕೆಯಾಗುವಂತೆ ಬಡಿಸಿ ತೋರಿಸತಕ್ಕದ್ದು. ಅವರ ಅಭಿಪ್ರಾಯ ಮತ್ತು ಸಹಿ ಪಡೆಯತಕ್ಕದ್ದು. ಊಟದ ನಂತರವೂ ದಾಳಿಯ ಇರಾದೆ ಉಳಿದಿದ್ದಲ್ಲಿ ಎರಚಬಹುದು.’

“ಅಂದ್ರ ಕಳ್ಳಗ ಮೊದ್ಲ ಉಣ್ಣಾಕ ಹಾಕಬೇಕೇನು?” ಎಂದರು ರತ್ನವ್ವ.

“ಕಾನೂನು ಆಂಟಿ.”

“ಆತ ಬಿಡು. ಉಣ್ಣಾಕ ಹಾಕೂದು ನಮಗೇನ ಹೊಸಾದಲ್ಲ.”

ಗಾಡಿ ನಡೆಸಿದ್ದು ಹುಬ್ಬಳ್ಳಿಯ ಚನ್ನಬಸಯ್ಯ. ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಏಳು ಮೀಟರ್ ಗಾಡಿಯನ್ನು ರಿವರ್ಸ್ ತೆಗೆಯುವ ಧೈರ್ಯ ಸಂಘದಲ್ಲಿ ಅವರೊಬ್ಬರಿಗೇ ಇತ್ತು. ಅವರು, ಗೋಪೀನಾಥ್, ನಾನು ಮೂವರೂ ವರ್ಕ್ ಫ್ರಮ್ ಹೋಮ್ ಮೇಲಿದ್ದೆವು. ಮೋಟರ್‌ಹೋಮ್‌ನಲ್ಲೂ ಹೋಮ್ ಇದೆಯಲ್ಲ ಎಂದು ಬರೆದುಕೊಟ್ಟಾಗ ಆಫೀಸಿನವರು ಸುಮ್ಮನಾದರು.

ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಹೊರಟು, ಎರಡೂವರೆ ಗಂಟೆಯ ದಾರಿಯ ಗೋಲ್ಬರ್ನ್‌ನಲ್ಲಿ ಮೊದಲ ಠಿಕಾಣಿ ಹೂಡಿದೆವು. ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನಲ್ಲಿ ಗೋಪೀನಾಥ್ ನಮ್ಮದನ್ನು ಮುಖ ಹೊರಗೆ ಮಾಡಿ ನಿಲ್ಲಿಸಲು ಹೇಳಿದರು. ಓಡಿಹೋಗುವ ಪ್ರಸಂಗ ಬಂದರೆ ತಿರುಗಿಸುವ ರಗಳೆ ಇರಬಾರದು. ಬಾಗಿಲ ಬಳಿ ಹದಿಮೂರು ನಂಬರಿನ ಒಂದು ಜೊತೆ ಬೂಟು ಇಟ್ಟರು, ಒಳಗೊಬ್ಬ ಭೀಮಕಾಯ ಇದ್ದಾನೆಂದು ಜನ ತಿಳಿಯಲಿ ಎಂದು. ಅದರ ಪಕ್ಕಕ್ಕೆ ದೊಡ್ಡದೊಂದು ನಾಯಿ ತಟ್ಟೆ. ನಾಯಿ ಇರಲಿಲ್ಲ. ತಟ್ಟೆಯೇ ಸಾಕು ಎಂದು ಸುರಕ್ಷತಾ ಕೈಪಿಡಿಗಳೆಲ್ಲ ಹೇಳುತ್ತವೆ.

ಅರ್ಧ ಗಂಟೆಯಲ್ಲಿ ಪಾರ್ಕಿನ ಮ್ಯಾನೇಜರ್ ಬಂದಳು.

“ನಿಮ್ಮ ನಾಯಿಗೆ ಬುಕಿಂಗ್ ಮಾಡಿಲ್ಲ.”

“ನಾಯಿ ಇಲ್ಲ,” ಎಂದರು ಗೋಪೀನಾಥ್. ಕೂಡಲೇ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, “ಆದರೆ ಅದನ್ನ ದಯವಿಟ್ಟು ಯಾರಿಗೂ ಹೇಳಬೇಡಿ.”

“ಬುಕ್ ಮಾಡದ ನಾಯಿಗಳ ವಿಷಯದಲ್ಲಿ ಎಲ್ಲರೂ ಹೀಗೇ ಹೇಳೋದು. ಹಗ್ಗ ಬಿಚ್ಚಿ ಓಡಾಡಿಸುವ ಹಾಗಿಲ್ಲ, ನೋಡಿ.”

ಅವಳು ನಾಯಿಗೆ ಬುಕಿಂಗ್ ಮಾಡಿ ರಸೀದಿ ಕೊಟ್ಟಳು. ಅಂದಿನಿಂದ ಬೆಳಿಗ್ಗೆ ಸಂಜೆ ಚನ್ನಬಸಯ್ಯ ಖಾಲಿ ಹಗ್ಗ ಹಿಡಿದು ಪಾರ್ಕನ್ನು ಒಂದು ಸುತ್ತು ಹಾಕುವುದು ಅನಿವಾರ್ಯವಾಯಿತು. ಜನ ಏನೂ ಅನ್ನಲಿಲ್ಲ. ಒಬ್ಬ ಮುದುಕಿ ಮಾತ್ರ ತಡೆದು ಕೇಳಿದಳಂತೆ, “ಬಹಳ ಸೌಮ್ಯ. ಯಾವ ತಳಿ?”

“ಮುಧೋಳ,” ಎಂದು ಹೇಳಿ ಬಂದಿದ್ದರು.

ಮೊದಲ ದಾಳಿ ನಡೆದದ್ದು ಸೋಮವಾರ ಹನ್ನೊಂದಕ್ಕೆ. ದಾಳಿಕೋರ ಬ್ಯಾರಿ, ಎಪ್ಪತ್ತೆರಡು ವರ್ಷ, ನಿವೃತ್ತ ಪ್ಲಂಬರ್, ಪಕ್ಕದ ಕ್ಯಾರವಾನಿನವನು. ನಮ್ಮ ನೀರಿನ ಪೈಪು ಸೋರುತ್ತಿದೆ ಎಂಬ ನೆಪ ಮಾಡಿಕೊಂಡು ಬಾಗಿಲು ತಟ್ಟಿದ. ಗೋಪೀನಾಥ್ ಪರದೆ ಸರಿಸಿ, “ದಾಳಿ!” ಎಂದು ಪಿಸುಗುಟ್ಟಿದರು. ನಾನು ಫಾರಂ ತೆಗೆದೆ. ಬ್ಯಾರಿಯನ್ನು ಒಳಗೆ ಕೂರಿಸಿ ರತ್ನವ್ವ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಮೇಲೆ ಕೆಂಪು ಚಟ್ನಿ ಹಾಕಿ ಖಾರದ ಆಹಾರಗುಣವನ್ನು ಸಾಬೀತುಪಡಿಸಿದರು. ಒಂದೂಕಾಲು ಗಂಟೆ ಹಿಡಿಯಿತು. ಅಭಿಪ್ರಾಯದ ಕಾಲಂನಲ್ಲಿ ಬ್ಯಾರಿ, ‘ಕಿವಿ ಬಿಸಿಯಾಗಿದೆ. ಇನ್ನೊಂದು ರೊಟ್ಟಿ ಸಿಕ್ಕೀತೇ?’ ಎಂದು ಬರೆದು ಸಹಿ ಹಾಕಿದ. ಹೋಗುವಾಗ ಪೈಪು ರಿಪೇರಿ ಮಾಡಿಕೊಟ್ಟ. ಇದನ್ನು ‘ಪಶ್ಚಾತ್ತಾಪ’ ಎಂಬ ಶೀರ್ಷಿಕೆಯಡಿ ದಾಖಲಿಸಲಾಯಿತು.

ಮಂಗಳವಾರದ ಹೊತ್ತಿಗೆ ಮೂರು ದಾಳಿಗಳಾಗಿದ್ದವು. ಮಾತಿನ ಪ್ರಕಾರ ಆ ಹೊತ್ತಿಗೆ ನಾವು ಬಾಕ್ಸ್ ಹಿಲ್‌ನಲ್ಲಿರಬೇಕಿತ್ತು. ರತ್ನವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು ಗೋಪೀನಾಥ್ ಎದುರು ಕೂತರು.

“ಮೂರ ದಿನಕ್ಕ ಮೂರು. ಐವತ್ತು ಆಗೂದ್ರಾಗ ನನ್ನ ಮೊಮ್ಮಗು ಬೋರಲ ಬೀಳತೈತಿ. ನನ್ನ ಬಸ್ಸಿಗರೆ ಹತ್ತಿಸಿ ಬಿಡೋ ತಮ್ಮಾ.”

“ನಿಯಮ ನಾಲ್ಕು ಆಂಟಿ. ನೀವು ಇಳಿದ್ರೆ ಅಪಹರಣ ಆಗುತ್ತೆ.”

“ಯಾರ ಮಾಡ್ತಾರ ಅಪಹರಣ?”

“ನೀವೇ. ನಿಮ್ಮನ್ನ.”

ಅಷ್ಟರಲ್ಲಿ ಮಾಧುರಿಯ ಫೋನು. ಸ್ಪೀಕರ್ ಮೇಲಿತ್ತು, ಎಲ್ಲರಿಗೂ ಕೇಳಿಸಿತು. “ಅವ್ವಾ, ಎಲ್ಲಿದೀ? ನನಗ ಒಬ್ಬಾಕಿಗೇ ಅಂಜಿಕಿ ಬರಾಕತ್ತೈತಿ. ನಿನ್ನ ಅಳ್ಯಾ ಗೌತಮ್ ದಿನಾ ವೀಡಿಯೋ ನೋಡಿ ಹೆರಿಗಿ ಕಲ್ಯಾಕತ್ತಾರ. ನಿನ್ನೆ ಅವರ ಚಕ್ಕರ್ ಬಂದು ಬಿದ್ರು.”

ಫೋನಿಟ್ಟ ರತ್ನವ್ವ ಬೆರಳು ಮಡಿಚಿ ದಿನ ಎಣಿಸಿದರು. ಆಮೇಲೆ ಸೆರಗು ಸಿಕ್ಕಿಸಿ ಎದ್ದರು. ಆತ್ಮರಕ್ಷಣಾ ಇಲಾಖೆ ಅವರ ಕೈಗೆ ಹೋದದ್ದು ಆ ಕ್ಷಣದಲ್ಲಿ ಎಂದು ನನ್ನ ಮಿನಿಟ್ಸ್ ಹೇಳುತ್ತದೆ.

ಯಾಸ್ ಊರು ತಲುಪಿದ ಮೇಲೆ ಅವರು ಮೊದಲು ಮಾಡಿದ ಸುಧಾರಣೆ ರೊಟ್ಟಿಯನ್ನು ರದ್ದು ಮಾಡಿದ್ದು. ಬದಲಿಗೆ ಗಿರ್ಮಿಟ್ ಬಂತು. ಮಂಡಕ್ಕಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಮೇಲೆ ಧಾರಾಳ ಖಾರ. ಒಂದು ದಾಳಿಯ ಅವಧಿ ಎಪ್ಪತ್ತೈದು ನಿಮಿಷದಿಂದ ನಾಲ್ಕು ನಿಮಿಷಕ್ಕೆ ಇಳಿಯಿತು. ಎರಡನೆಯದು ದಾಳಿಕೋರರ ಪೂರೈಕೆ. ಕರೆದು ತರೋಣವೆಂದರೆ ನಿಯಮ ಒಂದು ಅಡ್ಡ ಬರುತ್ತಿತ್ತು. ಕರೆದವರು ಅತಿಥಿಗಳು, ದಾಳಿಕೋರರಲ್ಲ.

“ಕರಿಯೂದಿಲ್ಲ. ಬರಬ್ಯಾಡ್ರಿ ಅಂತ ಹೇಳಿ ಬರ್ತೀನಿ,” ಎಂದರು ರತ್ನವ್ವ.

ಚನ್ನಬಸಯ್ಯನ ಕೈಗೆ ನಾಯಿಯ ಹಗ್ಗ ಕೊಟ್ಟು, ಅವರನ್ನು ಜೊತೆಗೆ ಕರೆದುಕೊಂಡು ಪಾರ್ಕಿನ ಪ್ರತಿ ಕ್ಯಾರವಾನಿನ ಮುಂದೆ ನಿಂತರು. ಕೈಯಲ್ಲಿ ಒಗ್ಗರಣೆಯ ಘಮ ಬರುವ ಬಟ್ಟಲು. “ಫೋರ್ ಓ ಕ್ಲಾಕ್, ನೋ ಕಮ್! ಗಿರ್ಮಿಟ್, ನೋ ಈಟ್! ಡೋರ್, ನೋ ಟಕ್ ಟಕ್!” ಎಂದು ಬೆರಳು ಆಡಿಸಿ ತಾಕೀತು ಮಾಡಿದರು. ನಾಲ್ಕು ಗಂಟೆಗೆ ಬಾಗಿಲಲ್ಲಿ ಹನ್ನೊಂದು ಜನ.

ಗೋಪೀನಾಥ್ ಕೊಂಚ ಯೋಚಿಸಿದರು. “ಇವರನ್ನ ಆಹ್ವಾನಿಸಿಲ್ಲ. ಸ್ಪಷ್ಟವಾಗಿ ನಿಷೇಧಿಸಲಾಗಿದೆ. ನಿಷೇಧ ಮೀರಿ ಬಂದಿದ್ದಾರೆ ಅಂದ್ರೆ ಇದು ಸಾಮಾನ್ಯ ದಾಳಿ ಅಲ್ಲ ಮೇಡಂ, ‘ತೀವ್ರ’ ಅಂತ ಬರೀರಿ.”

ಹನ್ನೊಂದೂ ತೀವ್ರ. ಒಟ್ಟು ಹದಿನಾಲ್ಕು.

ಗಂಡಗೈ ಊರಿನಲ್ಲಿ ಪರಿಸ್ಥಿತಿ ಇನ್ನೂ ಗಂಭೀರವಾಯಿತು. ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಅಲ್ಲಿನ ವಯೋವೃದ್ಧರ ಬೌಲ್ಸ್ ತಂಡವೊಂದಕ್ಕೆ ರತ್ನವ್ವ ಖುದ್ದಾಗಿ ಹೋಗಿ ಬರಬೇಡಿರೆಂದು ಹೇಳಿ ಬಂದಿದ್ದರು. ಮರುದಿನ ಮಧ್ಯಾಹ್ನ ಇಪ್ಪತ್ತೆರಡು ಮಂದಿ, ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆಯವರು, ಬಾಗಿಲಿಂದ ಶವರ್ ಬ್ಲಾಕಿನವರೆಗೆ ಸಾಲುಗಟ್ಟಿ ನಿಂತರು. ಪ್ರತಿ ದಾಳಿಗೂ ಸ್ವತಂತ್ರವಾಗಿ ಬಾಗಿಲು ತಟ್ಟಬೇಕಾದ್ದರಿಂದ ಒಬ್ಬರು ತಟ್ಟಿ, ದಾಳಿ ಮಾಡಿ, ಉಂಡು, ಸಹಿ ಹಾಕಿ ಹೊರಗೆ ಹೋದ ಮೇಲೆ ಬಾಗಿಲು ಮುಚ್ಚಿ, ಇನ್ನೊಬ್ಬರು ತಟ್ಟುತ್ತಿದ್ದರು. ಬಿಸಿಲಿಗೆ ಸುಸ್ತಾದ ದಾಳಿಕೋರರಿಗೆ ಚನ್ನಬಸಯ್ಯ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟರು. ತಂಡದ ಕ್ಯಾಪ್ಟನ್ ಅಭಿಪ್ರಾಯ: ‘ಕ್ಲಬ್ಬಿನ ಇತಿಹಾಸದಲ್ಲೇ ಅತ್ಯುತ್ತಮ ಆಕ್ರಮಣ.’

ನಿಜವಾದ ಹಲ್ಲೆಯೂ ಅಲ್ಲೇ ನಡೆಯಿತು. ಮರಿ ಮಾಡಿದ್ದ ಮ್ಯಾಗ್ಪೈ ಹಕ್ಕಿಯೊಂದು ಮರದಿಂದ ಧುಮುಕಿ ಗೋಪೀನಾಥ್ ನೆತ್ತಿಗೆ ಕುಕ್ಕಿ ರಕ್ತ ಬರಿಸಿತು. ಅವರು ತಲೆಗೆ ಟವೆಲ್ ಒತ್ತಿಕೊಂಡೇ, “ಬರ್ಕೊಳ್ಳಿ ಮೇಡಂ, ಬರ್ಕೊಳ್ಳಿ!” ಎಂದು ಕೂಗಿದರು. ಆದರೆ ಹಕ್ಕಿ ಬಾಗಿಲು ತಟ್ಟಿರಲಿಲ್ಲ. ಗಿರ್ಮಿಟ್ ಇಟ್ಟರೆ ತಿಂದಿತು, ಸಹಿ ಮಾತ್ರ ಹಾಕಲಿಲ್ಲ. ನಿಯಮಗಳಡಿ ಘಟನೆ ನಡೆದಿಲ್ಲವೆಂದು ತೀರ್ಮಾನಿಸಿ ಬ್ಯಾಂಡೇಜ್ ಹಾಕಿದೆವು.

ಇನ್ನೂ ನಾಲ್ಕು ಬಿಡಿ ದಾಳಿಗಳು ಸೇರಿ ಗಂಡಗೈ ಬಿಡುವಾಗ ನಲವತ್ತು. ಒಂಬತ್ತನೆಯ ದಿನ ಆಲ್ಬರಿ ತಲುಪಿ, ಎರಡು ದಿನದಲ್ಲಿ ಎಂಟು. ನಲವತ್ತೆಂಟು! ಮರ್ರೀ ನದಿ ಎದುರಿಗೇ ಹರಿಯುತ್ತಿತ್ತು. ಸೇತುವೆ ದಾಟಿದರೆ ವಿಕ್ಟೋರಿಯಾ ರಾಜ್ಯ, ಮೂರೂವರೆ ಗಂಟೆಗೆ ಬಾಕ್ಸ್ ಹಿಲ್.

“ಹೊಳಿ ದಾಟಿ ನಡೀರಿ. ಉಳಿದ ಎರಡ ಅತ್ಲಾಗ ಮಾಡಿಕೊಂಡ್ರಾತು,” ಎಂದರು ರತ್ನವ್ವ.

ಆಗ ಊರ್ಮಿಳಾ ಪ್ರತ್ಯಕ್ಷರಾದರು. ಮೈಸೂರಿನವರು, ಮೆಲ್ಬರ್ನ್‌ನ ಯಾರಾ ನದಿ ದಂಡೆ ಕನ್ನಡ ಕೂಟದ ಆತ್ಮರಕ್ಷಣಾ ಉಪಸಮಿತಿಗೆ ಸಂಚಾಲಕಿ. ಅವರೂ ಅದೇ ನಿಧಿಯ ಅರ್ಜಿ ತುಂಬಿದ್ದರು, ಅವರ ಚೌಕಕ್ಕೂ ಐವತ್ತಕ್ಕೇ ಹಸಿರು ಟಿಕ್ ಬಂದಿತ್ತು. ಹಳದಿ ಜಾಕೆಟ್ ಹಾಕಿಕೊಂಡು ಸೇತುವೆ ದಾಟಿ ನಡೆದುಕೊಂಡೇ ಬಂದಿದ್ದರು.

“ಗೋಪೀನಾಥ್ ಅವ್ರೇ, ನದಿ ಆಚೆ ನಡೆಯೋ ದಾಳಿಗಳೆಲ್ಲ ನಮ್ಮ ರಿಜಿಸ್ಟರಿಗೆ ಸೇರ್ಬೇಕು. ಇದುವರೆಗೂ ನಮ್ಮದು ಸೊನ್ನೆ. ಮೆಲ್ಬರ್ನ್ ಜನ ಫೋನ್ ಮಾಡದೆ ಬಾಗಿಲು ತಟ್ಟೋದೇ ಇಲ್ಲ.”

“ನೀವೇ ಒಂದು ಸಲ ತಟ್ಟಿಬಿಡಿ ಮೇಡಂ. ಇನ್ನು ಎರಡೇ ಬಾಕಿ.”

“ಒಂದು ತಟ್ಟಿದ್ರೆ ನಿಮ್ಮ ನಲವತ್ತೆಂಟರಲ್ಲಿ ಇಪ್ಪತ್ತು ನಮಗೆ ಟ್ರಾನ್ಸ್‌ಫರ್ ಮಾಡ್ತೀರಾ?”

“ಬೌಲ್ಸ್ ತಂಡದವರನ್ನ ಕೊಡಕ್ಕಾಗಲ್ಲ. ಬೇಕಾದ್ರೆ ಯಾಸ್‌ನವರನ್ನ ನೋಡಬಹುದು.”

“ಯಾಸ್‌ನವರು ಬೇಡ.”

ಮಾತುಕತೆ ಮುರಿದುಬಿತ್ತು. ಊರ್ಮಿಳಾ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ನಮ್ಮ ಮೇಲೆ ನಿಗಾ ಇಟ್ಟರು. ಅದೇ ಹೊತ್ತಿಗೆ ಶಾಲೆಯ ರಜೆಗೆ ಬಂದಿದ್ದವರೆಲ್ಲ ಊರಿಗೆ ಹೊರಟರು. ಉಳಿದವರೆಲ್ಲ ಆಗಲೇ ದಾಳಿ ಮಾಡಿ ಮುಗಿಸಿದವರು. ಒಂದು ದಿನ ಪೂರ್ತಿ ಬಾಗಿಲ ಮೇಲೆ ಬೆರಳೂ ಬೀಳಲಿಲ್ಲ. ಅಷ್ಟೊಂದು ಸುರಕ್ಷತೆಯನ್ನು ನಾವು ಆ ಪ್ರಯಾಣದಲ್ಲಿ ಬೇರೆಲ್ಲೂ ಅನುಭವಿಸಲಿಲ್ಲ. ಗೋಪೀನಾಥ್ ಕಂಗಾಲಾದರು. ಹದಿಮೂರು ನಂಬರಿನ ಬೂಟು ನೋಡಿ ಜನ ಹೆದರುತ್ತಿರಬಹುದೆಂದು ಅದನ್ನು ಒಳಗೆ ತೆಗೆದಿಟ್ಟು, ಮಗುವಿನ ಚಪ್ಪಲಿ ತಂದಿಟ್ಟರು. ಬಾಗಿಲಿಗೆ ‘ಒಳಗೆ ಯಾರೂ ಬಲಶಾಲಿಗಳಿಲ್ಲ’ ಎಂದು ಚೀಟಿ ಅಂಟಿಸಿದರು.

ರತ್ನವ್ವ ಗಿರ್ಮಿಟ್ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ನದಿಯ ಕಡೆ ನೋಡುತ್ತ ಕೂತಿದ್ದರು. ಅವರ ಕೈ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡು ಮೆಲ್ಲಗೆ ಹೇಳಿದರು. “ನಾ ಹಡಿಯೂ ಮುಂದ ನಮ್ಮವ್ವ ಹಿಂಗ ಬರ್ತೀನಿ ಬರ್ತೀನಿ ಅಂದು ಬರಲಿಲ್ಲವಾ. ದಾರ್ಯಾಗ ಬಸ್ಸು ಕೆಟ್ಟು ನಿಂತಿತ್ತಂತ. ನಾ ಬಾಗಲಾ ನೋಡಕೋತನ ಹಡದೆ.”

ಮಿನಿಟ್ಸ್‌ನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಇಲ್ಲಿ ಬರೆದಿದ್ದೇನೆ.

ಹನ್ನೆರಡನೆಯ ದಿನ ಗುರುವಾರ, ಮಧ್ಯಾಹ್ನ ಎರಡಕ್ಕೆ ಬಾಗಿಲು ಢಬಢಬನೆ ಬಡಿದ ಸದ್ದು. ಅದುವರೆಗಿನ ನಲವತ್ತೆಂಟು ದಾಳಿಕೋರರಲ್ಲಿ ಯಾರೂ ಹಾಗೆ ಬಡಿದಿರಲಿಲ್ಲ. ಗೋಪೀನಾಥ್ ಮುಖ ಅರಳಿತು.

“ಯಾರು?”

“ನಾನ್ರೀ ಮಾಧುರಿ! ಬಾಗಲಾ ತಗೀರಿ ಅಂಕಲ್!”

ರತ್ನವ್ವ ಬಟ್ಟಲು ಬಿಟ್ಟು ಬಾಗಿಲಿಗೆ ಹಾರಿದರು. ಗೋಪೀನಾಥ್ ಅಡ್ಡ ನಿಂತರು. “ಆಂಟಿ, ಪ್ರೊಸೀಜರ್! ನೀವು ತೆಗೆದ್ರೆ ಅದು ಆಹ್ವಾನ ಆಗುತ್ತೆ, ಒಂದು ದಾಳಿ ಕೈ ತಪ್ಪುತ್ತೆ!” ಆಮೇಲೆ ಬಾಗಿಲಿನ ಕಡೆ ತಿರುಗಿ, “ಬಂದ ಉದ್ದೇಶ?”

“ನಮ್ಮ ಅವ್ವನ್ನ ಎತ್ತಿ ಹಾಕ್ಕೊಂಡು ಹೋಗೂದು!”

“ಅಪಹರಣ!” ಗೋಪೀನಾಥ್ ಕಣ್ಣಲ್ಲಿ ನೀರಾಡಿತು. “ಮೇಡಂ, ಬರ್ಕೊಳ್ಳಿ. ತಾವಾಗೇ ಒಪ್ಕೊಂಡ ಮೊದಲ ಕೇಸು.”

ಬಾಗಿಲು ತೆರೆಯಿತು. ತುಂಬು ಬಸುರಿ ಮಾಧುರಿ ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದಳು. ಹಿಂದೆ ಗಂಡ ಗೌತಮ್ ಎರಡೂ ಕೈ ಚಾಚಿ, ಬೀಳುವವರನ್ನು ಹಿಡಿಯುವ ಭಂಗಿಯಲ್ಲಿ ನಿಂತಿದ್ದ. ಆ ಭಂಗಿಯನ್ನೂ ವೀಡಿಯೋ ನೋಡಿ ಕಲಿತದ್ದು. ತಾಯಿ ಮಗಳು ತಬ್ಬಿಕೊಂಡು ಅತ್ತರು. “ಹಿಂಥಾ ದಿನದಾಗ ಇಷ್ಟು ದೂರ ಕಾರಿನ್ಯಾಗ ಬರ್ತಾರೇನ ಹುಚ್ಚ ಖೋಡಿ?” “ನೀ ಬರಲಿಲ್ಲಲ್ಲ ಮತ್ತ!” “ನಾ ಎಲ್ಲಿ ಬರಲಿ, ನಾ ಅಧಿಕಾರಿ ಆಗೇನಿ!”

ನಾನು ನಲವತ್ತೊಂಬತ್ತು ಎಂದು ಬರೆದೆ. ಮಾಧುರಿ ಗಿರ್ಮಿಟ್ ತಿಂದು, ‘ಇನ್ನಷ್ಟು ಖಾರ ಇರಬೇಕಿತ್ತು’ ಎಂದು ಅಭಿಪ್ರಾಯ ಬರೆದಳು. ಇನ್ನು ಒಂದು. ಗೌತಮ್ ತಾನೇ ತಟ್ಟುತ್ತೇನೆಂದು ಕೆಳಗಿಳಿದ. ಆದರೆ ಟೆಂಟಿನಿಂದ ಓಡಿಬಂದ ಊರ್ಮಿಳಾ ತಡೆದರು.

“ಇವ್ರು ನಮ್ಮ ಕೂಟದ ಲೈಫ್ ಮೆಂಬರ್. ಇವ್ರ ದಾಳಿ ನಮ್ಮದು.”

ಎಲ್ಲರೂ ಗೋಪೀನಾಥ್ ಕಡೆ ನೋಡಿದರು. ರತ್ನವ್ವ ಮಾತ್ರ ಮಗಳ ಹೊಟ್ಟೆ ನೋಡುತ್ತಿದ್ದರು.

“ತಮ್ಮಾ, ಎರಡು ಬರಕೋ.”

“ಅಂದ್ರೆ ಆಂಟಿ?”

“ಇಕಿ ಒಬ್ಬಾಕೇ ಬಂದಾಳೇನು? ಒಳಗಿಂದು ಎಲ್ಲಿ ಬಿಟ್ಟಿ?”

ಗೋಪೀನಾಥ್ ನಿಯಮಾವಳಿಯ ನಲವತ್ತೂ ಪುಟ ತಿರುವಿದರು. ಗರ್ಭಸ್ಥ ದಾಳಿಕೋರರ ಬಗ್ಗೆ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಊರ್ಮಿಳಾ ಆಕ್ಷೇಪಣೆ ಸಲ್ಲಿಸಿದರು. ಮಗು ಹುಟ್ಟುವುದು ಬಾಕ್ಸ್ ಹಿಲ್‌ನಲ್ಲಾದ್ದರಿಂದ ಅದು ವಿಕ್ಟೋರಿಯಾದ ದಾಳಿಕೋರ. ಗೋಪೀನಾಥ್ ಉತ್ತರ: ಹುಟ್ಟುವುದು ಎಲ್ಲಿಯಾದರೂ ಸರಿ, ದಾಳಿಯ ಹೊತ್ತಿಗೆ ಅದು ನದಿಯ ಈ ದಂಡೆಯಲ್ಲಿದೆ. ಊರ್ಮಿಳಾ ಬಿಡಲಿಲ್ಲ. “ಆಯ್ತು, ಆದ್ರೆ ಬಾಗಿಲು ತಟ್ಟಿದ್ದು ತಾಯಿ. ಮಗು ಸ್ವತಂತ್ರವಾಗಿ ಏನ್ ಮಾಡಿದೆ ಹೇಳಿ? ಅದು ಬರೀ ಪ್ಯಾಸೆಂಜರ್.”

“ಅಯ್ಯ!” ಎಂದು ಮಾಧುರಿ ಹೊಟ್ಟೆ ಹಿಡಿದುಕೊಂಡಳು. “ಒದೀತು!”

ರತ್ನವ್ವ ನನ್ನ ಕೈ ಎಳೆದು ಮಗಳ ಹೊಟ್ಟೆಯ ಮೇಲೆ ಇಟ್ಟರು. ಒಂದು, ಎರಡು, ಸ್ವಲ್ಪ ತಡೆದು ಮೂರು. ಯಾರೋ ಒಳಗಿನಿಂದ ತಟ್ಟಿದಂತೆ. ಉಪಸಮಿತಿಯ ಕಾರ್ಯದರ್ಶಿಯಾಗಿ ನಾನು ಪ್ರಮಾಣಪೂರ್ವಕವಾಗಿ ದೃಢೀಕರಿಸಿದೆ: ಯಾರೂ ಆಹ್ವಾನಿಸಿರಲಿಲ್ಲ, ಒದೆತ ಸ್ವತಂತ್ರವಾಗಿತ್ತು, ಬಲವಾಗಿಯೂ ಇತ್ತು. ಗೌತಮ್ ಇನ್ನೊಂದು ಸಲ ಚಕ್ಕರ್ ಬಂದು ಕೂತ. ಊರ್ಮಿಳಾ ಕೂಡ ಮುಟ್ಟಿ ನೋಡಿ, ಕೈ ತೆಗೆಯಲು ಮನಸ್ಸಾಗದೆ, “ಒಪ್ಪಿದೆ,” ಎಂದರು.

ಐವತ್ತು.

ಮಾಧುರಿ ಆ ರಾತ್ರಿ ದಣಿವಾರಿಸಿಕೊಂಡ ಮೇಲೆ, ಮರುದಿನ ಬೆಳಿಗ್ಗೆ ಚನ್ನಬಸಯ್ಯ ಖಾಲಿ ಹಗ್ಗ ಸುತ್ತಿಟ್ಟು ಗಾಡಿ ಸ್ಟಾರ್ಟ್ ಮಾಡಿದರು. ಮಧ್ಯಾಹ್ನ ಬಾಕ್ಸ್ ಹಿಲ್ ಸೇರಿದೆವು. ಭಾನುವಾರ, ಡಾಕ್ಟರು ಹೇಳಿದ ದಿನವೇ ಮಾಧುರಿಗೆ ಬೇನೆ ಬಂದಾಗ ರತ್ನವ್ವ ಅವಳ ಮುಂದೆಯೇ ಇದ್ದರು. ಹೆಣ್ಣು ಮಗು. ಮೂರೂಕಾಲು ಕಿಲೋ. ಪ್ರಣತಿ ಎಂದು ಹೆಸರಿಟ್ಟರು. ನಮ್ಮ ರಿಜಿಸ್ಟರಿನಲ್ಲಿ ‘ದಾಳಿಕೋರ ಸಂಖ್ಯೆ ಐವತ್ತು, ತೀವ್ರ’ ಎಂಬುದರ ಮುಂದೆ ಆ ಹೆಸರನ್ನು ತುಂಬಿದೆ.

ನಿಧಿಯವರಿಂದ ಮೆಚ್ಚುಗೆಯ ಪತ್ರ ಬಂತು. ಕೊನೆಯಲ್ಲಿ ಒಂದು ಸಾಲು: ‘ಐವತ್ತನೆಯ ದಾಳಿಕೋರರ ಊಟದ ಅಭಿಪ್ರಾಯ ಹಾಗೂ ಸಹಿ ಲಗತ್ತಿಸಿಲ್ಲ. ಪೂರೈಸುವವರೆಗೆ ಪ್ರಯಾಣವು ಜಾರಿಯಲ್ಲಿದೆಯೆಂದೇ ಪರಿಗಣಿಸಲಾಗುವುದು. ವಾಹನ ಹಾಗೂ ಸಂಬಂಧಪಟ್ಟ ಅಧಿಕಾರಿ ಸ್ಥಳದಲ್ಲಿಯೇ ಇರತಕ್ಕದ್ದು.’ ಮಗುವಿನ ನರ್ಸ್ ಒಬ್ಬಳನ್ನು ವಿಚಾರಿಸಿದಾಗ, ವರ್ಷ ತುಂಬುವವರೆಗೆ ಖಾರದ ಸುದ್ದಿಯೇ ಬೇಡ ಎಂದಳು.

ಗೋಪೀನಾಥ್ ಈ ಪತ್ರವನ್ನು ಹೆದರುತ್ತಲೇ ರತ್ನವ್ವನಿಗೆ ಓದಿ ಹೇಳಿದರು. ಅವರ ವಾಪಸ್ ಟಿಕೆಟ್ ಮೂರು ತಿಂಗಳಿಗಿತ್ತು.

“ವರ್ಷಗಟ್ಲೆ ನಾ ಇಲ್ಲೇ ಇರಬೇಕೇನು? ಮಗಳ ಬಲ್ಲಿ? ಮೊಮ್ಮಗಳ ಬಲ್ಲಿ?”

“ಸಾರಿ ಆಂಟಿ. ನಿಯಮ.”

“ನಿಯಮ ಅಂದಮ್ಯಾಲ ಏನ ಮಾಡೂದಪಾ,” ಎಂದು ರತ್ನವ್ವ ನಿಟ್ಟುಸಿರು ಬಿಟ್ಟು, ಗೋಡೆಯ ಕಡೆ ತಿರುಗಿದರು. ನಗು ಮುಗಿಯುವವರೆಗೆ ಇತ್ತ ತಿರುಗಲಿಲ್ಲ.

ಟಿಕೆಟ್ ಮುಂದೆ ಹಾಕಲಾಯಿತು. ಮೋಟರ್‌ಹೋಮ್ ಈಗ ಮಾಧುರಿಯ ಅಪಾರ್ಟ್‌ಮೆಂಟಿನ ಕೆಳಗೆ ವಿಸಿಟರ್ ಪಾರ್ಕಿಂಗಿನಲ್ಲಿದೆ. ಒಳ್ಳೆಯದೇ ಆಯಿತು. ಫ್ಲ್ಯಾಟಿನಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಹೊಡೆದುಕೊಂಡು ಇಡೀ ಬಿಲ್ಡಿಂಗ್ ಮೆಟ್ಟಿಲಿಳಿಯುತ್ತದೆ. ಬಾಣಂತಿಯ ಅಡುಗೆಯೆಲ್ಲ ಗಾಡಿಯಲ್ಲೇ ಆಯಿತು. ವಾಸನೆ ಹಿಡಿದು ಮೂರನೆಯ ಮಹಡಿಯವರು, ಐದನೆಯ ಮಹಡಿಯವರು ಫೋನೇ ಮಾಡದೆ ಬಂದು ಬಾಗಿಲು ತಟ್ಟುತ್ತಿದ್ದಾರೆ. ಮೆಲ್ಬರ್ನ್‌ನ ರಿಜಿಸ್ಟರು ಮೂವತ್ತೇಳಕ್ಕೆ ಏರಿದ್ದು, ಊರ್ಮಿಳಾ ಕಾನೂನು ಸುವ್ಯವಸ್ಥೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದ್ದಾರೆ. ಗೌತಮ್ ಆಫೀಸಿನ ಮೀಟಿಂಗುಗಳನ್ನು ಡ್ರೈವರ್ ಸೀಟಿನಿಂದ ನಡೆಸುತ್ತಾನೆ. ಗೋಪೀನಾಥ್‌ರನ್ನು ಇತರ ಭಾಷೆಯ ಸಂಘಗಳೂ ಉಪನ್ಯಾಸಕ್ಕೆ ಕರೆಯುತ್ತಿವೆ.

ತಿಂಗಳ ಮೊದಲ ಭಾನುವಾರ ಎರಡೂ ಉಪಸಮಿತಿಗಳು ಜಂಟಿಯಾಗಿ ಗಾಡಿಯಲ್ಲಿ ಸಭೆ ಸೇರಿ ಐವತ್ತನೆಯ ದಾಳಿಕೋರರ ಪ್ರಗತಿ ಪರಿಶೀಲಿಸುತ್ತವೆ. ಈ ತಿಂಗಳ ತಪಾಸಣೆಯಲ್ಲಿ ಕೆಳವಸಡಿನಲ್ಲಿ ಒಂದು ಹಲ್ಲು ಕಂಡುಬಂತು. ಗೋಪೀನಾಥ್ ಬೆರಳಿಟ್ಟು ಖಚಿತಪಡಿಸಿಕೊಳ್ಳಲು ಹೋದಾಗ ದಾಳಿಕೋರರು ಬಲವಾಗಿ ಕಚ್ಚಿದರು. ಸಭೆ ಚಪ್ಪಾಳೆ ತಟ್ಟಿತು.

“ಒಂದ ಹಲ್ಲಿಗೆ ಅವಸರ ಮಾಡಬ್ಯಾಡ್ರಿ,” ಎಂದು ಖಾರದ ಅಧಿಕಾರಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ವರದಿ ಮಾಡಿದರು. “ಖಾರ ಹತ್ತಾಕ ಇನ್ನ ಭಾಳ ದಿನ ಬೇಕು. ಎರಡ ವರ್ಷರೆ ಅನ್ರಿ.”

ಸಭೆಯು ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು.